ಮ್ಯಾಲಿನ ಮನಿಗೆ ಇಬ್ಬರು

ಕೊಟ್ಟೂರಿನಲ್ಲಿ ಬಾಡಿಗೆ ಮನೆ ಹುಡುಕುವುದು ಕೋಮಲಾಗೆ ಹೊಸದಾಗಿರಲಿಲ್ಲ. ಗಾಳಿಯಿಂದ ಕರೆಂಟು ತೆಗೆಯುವ ಫ್ಯಾನಿನ ಕಂಪನಿಗೆ ಸೇರಿದ ಮೂರು ವರ್ಷದಲ್ಲಿ ಐದು ಮನೆ ನೋಡಿದ್ದಳು. ಐದೂ ಕಡೆ ಮೊದಲನೆಯ ಸಲ ಹೋದಾಗ ಚಹಾ ಕೊಟ್ಟಿದ್ದರು. ಎರಡನೆಯ ಸಲ ಹೋದಾಗ, "ನಮ್ಮ ತಂಗಿ ಮಗ ಬರ್ತೀನಿ ಅಂದಾನ್ರಿ, ಅವ್ನಿಗೆ ಬೇಕಂತ ಮನಿ" ಎಂದಿದ್ದರು. ಆ ತಂಗಿಯ ಮಗ ಒಂದು ಮನೆಗೂ ಬಂದು ಇಳಿದದ್ದನ್ನು ಕೋಮಲಾ ಕಾಣಲಿಲ್ಲ. ಹುಡುಕುವುದನ್ನು ಬಿಟ್ಟು, ಹರಪನಹಳ್ಳಿ ತಾಲ್ಲೂಕಿನ ತನ್ನೂರು ಅರಸೀಕೆರೆಯಿಂದ ಹರಪನಹಳ್ಳಿಗೆ ಒಂದು ಬಸ್ಸು, ಅಲ್ಲಿಂದ ಕೊಟ್ಟೂರಿಗೆ ಇನ್ನೊಂದು ಬಸ್ಸು ಹಿಡಿದು ದಿನಾ ಓಡಾಡತೊಡಗಿದಳು. ಬಸ್ಸಿನಲ್ಲಿ ಕೂತು ಕಂಪನಿಯ ಬಡ್ತಿ ಪರೀಕ್ಷೆಗಳಿಗೆ ಓದಿದಳು, ಹಂಗಾಮಿ ಗುಮಾಸ್ತೆಯಾಗಿ ಸೇರಿದವಳು ಆಡಳಿತಾಧಿಕಾರಿಯಾದಳು, ಕಂಪನಿಯ ಪರವಾಗಿ ಕರಾರಿಗೆ ಸಹಿ ಹಾಕುವ ಅಧಿಕಾರವನ್ನೂ ಪಡೆದಳು. ಮನೆ ಮಾತ್ರ ಸಿಕ್ಕಿರಲಿಲ್ಲ.

ಅದಕ್ಕೇ ಮ್ಯಾನೇಜರ್ ಪ್ರವೀಣಕುಮಾರ್ ಒಂದು ಸೋಮವಾರ ಅವಳನ್ನು ಕರೆದು, "ವಂಜಿರು ಮೇಡಂಗೆ ಒಂದು ಮನಿ ನೋಡ್ರಿ ಕೋಮಲಾ, ಈ ಊರು ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು" ಎಂದಾಗ ಅವಳು ಒಳಗೊಳಗೇ ನಕ್ಕಳು.

ವಂಜಿರು ಕೀನ್ಯಾ ದೇಶದವಳು. ಫ್ಯಾನಿನ ರೆಕ್ಕೆಗಳಲ್ಲಿ ಕಣ್ಣಿಗೆ ಕಾಣದ ಬಿರುಕು ಹುಡುಕುವುದರಲ್ಲಿ ಪಳಗಿದ ಇಂಜಿನಿಯರ್. ಮೂವತ್ನಾಲ್ಕರ ಗಟ್ಟಿ ಹೆಂಗಸು, ತಲೆತುಂಬ ಸಣ್ಣ ಸಣ್ಣ ಜಡೆ. ಹನ್ನೊಂದು ತಿಂಗಳ ಕೆಲಸಕ್ಕೆಂದು ಬಂದು ಎರಡು ವಾರದಿಂದ ಹರಪನಹಳ್ಳಿಯ ಲಾಡ್ಜಿನಲ್ಲಿದ್ದಳು. ಲಾಡ್ಜಿನ ಇಡ್ಲಿಯ ಬಗ್ಗೆ ತಕರಾರಿರಲಿಲ್ಲ, ಆದರೆ ಬಾಗಿಲು ಬಡಿದು ಫೋಟೋ ಕೇಳುವವರಿಂದ ಬೇಸತ್ತಿದ್ದಳು.

"ಒಬ್ಬಾಕಿನ್ನೇ ಇಡೋಕಾಗಲ್ಲ. ನೀವೂ ಜೊತಿಗಿರ್ರಿ. ಬಾಡಿಗಿ ಕಂಪನಿದು, ಮನಿ ಇಬ್ಬರದು," ಎಂದ ಪ್ರವೀಣಕುಮಾರ್. ಆತ ಹಗರಿಬೊಮ್ಮನಹಳ್ಳಿಯವನು, ಸ್ವಂತ ಮನೆಯವನು. ಮನೆ ಎಂದರೆ ಕೇಳಿದರೆ ಸಿಗುವ ವಸ್ತು ಎಂದು ತಿಳಿದವನು. ಕೋಮಲಾ ಏನೂ ಬಿಡಿಸಿ ಹೇಳಲಿಲ್ಲ. ಆಗಲಿ ಅಂದಳು.

ಮೊದಲು ನೋಡಿದ್ದು ಕೂಡ್ಲಿಗಿ ರಸ್ತೆಯ ಕಂಟ್ರಾಕ್ಟರೊಬ್ಬನ ಹೊಸ ಮನೆ. ಆತ ಫೋನಿನಲ್ಲಿ ಏಳು ಸಾವಿರ ಎಂದಿದ್ದ. ವಂಜಿರು ಗಾಡಿಯಿಂದ ಇಳಿದು ಗೇಟು ದಾಟುವಷ್ಟರಲ್ಲಿ ಬಾಡಿಗೆ ಹದಿನೆಂಟು ಸಾವಿರವಾಯಿತು.

"ಡಾಲರ್ ಬರ್ತಾವಲ್ರಿ ಅವ್ರಿಗೆ," ಎಂದ.

"ಅವ್ರ ದೇಶದಾಗ ಡಾಲರ್ ಇಲ್ರಿ, ಶಿಲ್ಲಿಂಗ್ ಅದಾವ. ಒಂದು ಶಿಲ್ಲಿಂಗಿಗೆ ನಿಮ್ಮ ಒಂದು ರೂಪಾಯಿನೂ ಬರಂಗಿಲ್ಲ," ಎಂದಳು ಕೋಮಲಾ. ಚಪ್ಪಲಿ ಹಾಕಿಕೊಂಡು ಹೊರಬಂದಳು.

ಏನಾಯಿತೆಂದು ವಂಜಿರು ಇಂಗ್ಲಿಷಿನಲ್ಲಿ ಕೇಳಿದಳು. ಇಬ್ಬರ ನಡುವಿನ ಭಾಷೆ ಅದೇ. ಕೋಮಲಾ ಒಂದಕ್ಷರ ಬಿಡದೆ ಹೇಳಿದಳು. ವಂಜಿರು ರಸ್ತೆಯಲ್ಲೇ ನಿಂತು ನಕ್ಕಳು. "ನಮ್ಮೂರಲ್ಲಿ ಬಿಳಿಯರು ಬಂದರೆ ನಾವೂ ಹೀಗೇ ಬೆಲೆ ಏರಿಸುತ್ತೇವೆ. ಆ ಬೆಲೆ ಒಂದು ದಿನ ನನಗೂ ಬರುತ್ತೆ ಅಂತ ಅಂದುಕೊಂಡಿರಲಿಲ್ಲ."

ಎರಡನೆಯದು ಬಸ್ ನಿಲ್ದಾಣದ ಹಿಂದಿನ ಭರಮಮ್ಮನ ಮನೆ. ಎಪ್ಪತ್ತು ದಾಟಿದ ಭರಮಮ್ಮ ಬಾಡಿಗೆಯ ಮಾತಿಗಿಂತ ಮೊದಲು ವಂಜಿರುವನ್ನು ಕಟ್ಟೆಯ ಮೇಲೆ ಕೂರಿಸಿ, ಜಡೆಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. "ಇಷ್ಟು ಹೆಣಿಯಾಕ ಎಷ್ಟು ತಾಸು ಹಿಡಿತೈತಿ ಕೇಳವ್ವ," ಎಂದಳು. ಎಂಟು ತಾಸು ಎಂಬ ಉತ್ತರ ಬಂತು. "ಅಷ್ಟೊತ್ತು ತಲಿ ಕೊಟ್ಟು ಕುಂದ್ರಾಕಿ ಅಂದ್ರ ತಾಳ್ಮಿ ಐತಿ ಈಕಿಗೆ. ಹೆಸರೇನಂದಿ?"

"ವಂಜಿರು, ಅಜ್ಜಿ."

"ವಂಜೀರಮ್ಮ ಅನ್ನು. ನಮ್ಮ ಕಡಿ ಪಕ್ಕೀರಮ್ಮ ಇಲ್ಲನು, ಹಂಗ."

ಪಕ್ಕೀರಮ್ಮ ಎಂಬುದು ಕೋಮಲಾಳ ತಾಯಿಯ ಹೆಸರು. ಅಂದಿನಿಂದ ವಂಜಿರುವಿಗೆ ಆ ಊರಿನಲ್ಲಿ ವಂಜೀರಮ್ಮ ಎಂಬ ಹೆಸರೇ ನಿಂತಿತು. ಆದರೆ ಮನೆ ಒಂದೇ ಕೋಣೆಯದು, ಪಾಯಖಾನೆ ಅಂಗಳದ ಆಚೆ, ಆಡುಗಳ ಪಕ್ಕ. ಭರಮಮ್ಮನೇ ತಲೆಯಾಡಿಸಿ, "ನಿಮಗಿದು ಸಾಲಂಗಿಲ್ಲ. ಮುಂದಿನ ಓಣ್ಯಾಗ ದಲಾಲಿ ಪಂಚಾಕ್ಷರಪ್ಪನ ಮ್ಯಾಲಿನ ಮನಿ ಖಾಲಿ ಐತಿ, ಕೇಳ್ರಿ," ಎಂದು ಕೈ ತೋರಿಸಿದಳು.

ಪಂಚಾಕ್ಷರಪ್ಪನಿಗೆ ಎಪಿಎಂಸಿ ಯಾರ್ಡಿನಲ್ಲಿ ಮೆಕ್ಕೆಜೋಳದ ದಲಾಲಿ ಅಂಗಡಿ. ಅರವತ್ತರ ಆಸುಪಾಸು. ಹಣೆಯ ಮೇಲೆ ಅಡ್ಡ ವಿಭೂತಿ, ಜೇಬಿನಲ್ಲಿ ಎರಡು ಫೋನು. ಮೇಲಿನ ಮನೆಗೆ ಹೊರಗಿನಿಂದ ಮೆಟ್ಟಿಲು. ಎರಡು ಕೋಣೆ, ಅಡುಗೆಮನೆ, ಮುಂದೆ ಉದ್ದದ ಬಯಲು ಮಾಳಿಗೆ. ಮಾಳಿಗೆಯಲ್ಲಿ ನಿಂತರೆ ದೂರದ ಗುಡ್ಡದ ಮೇಲೆ ಕಂಪನಿಯ ಒಂಬತ್ತು ಫ್ಯಾನುಗಳು ಕಾಣುತ್ತಿದ್ದವು. ವಂಜಿರು ಅವುಗಳನ್ನು ಎಣಿಸಿ, ನಾಲ್ಕನೆಯದು ನಿಂತಿದೆ ಎಂದು ತನ್ನಷ್ಟಕ್ಕೆ ಹೇಳಿಕೊಂಡಳು. ಕೋಮಲಾಗೆ ಮನೆ ಆಗಲೇ ಹಿಡಿಸಿತ್ತು. ಅದನ್ನು ಮುಖದಲ್ಲಿ ತೋರಿಸಲಿಲ್ಲ.

"ನೀರು?" ಎಂದಳು.

"ನಲ್ಲಿ ನಾಕು ದಿನಕ್ಕೊಮ್ಮಿ ಬರ್ತೈತ್ರಿ ಮೇಡಂ. ಬೋರಿಂದು ದಿನಾ. ನೆಲದಾಗಿನ ಸಂಪಿನೊಳಗ ಬಿಟ್ಟು ಮೋಟಾರ್ ಹಾಕಿದ್ರ ಮ್ಯಾಲಿನ ಟ್ಯಾಂಕ್ ತುಂಬತೈತಿ. ಬಾಡಿಗಿ ಒಂಬತ್ತೂವರಿ, ಅಡ್ವಾನ್ಸ್ ಒಂದು ಲಕ್ಷ. ನಿಮ್ಮಂಥ ಕಂಪನಿಯವರಿಗೆ ದೊಡ್ಡದಲ್ಲ ಬಿಡ್ರಿ."

ವಂಜಿರು ಅಷ್ಟರಲ್ಲಿ ತನ್ನ ಕೆಲಸಕ್ಕೆ ತೊಡಗಿದ್ದಳು. ಅವಳು ಇದಕ್ಕೂ ಮೊದಲು ಮೂರು ಪರದೇಶಗಳಲ್ಲಿ ಬಾಡಿಗೆಗಿದ್ದವಳು. ಎರಡು ಕಡೆ ಬಿಡುವಾಗ ಅಡ್ವಾನ್ಸ್ ವಾಪಸ್ ಬಂದಿರಲಿಲ್ಲ, ಮೂರನೆಯ ಕಡೆ ಅರ್ಧವಷ್ಟೇ ಬಂದಿತ್ತು. ಗೋಡೆಯ ಕಲೆ ನಿನ್ನದು, ಬಾಗಿಲಿನ ಬಿರುಕು ನಿನ್ನದು ಎಂದು ಲೆಕ್ಕ ಹಿಡಿದಿದ್ದರಂತೆ. ಅದಕ್ಕೇ ಈಗ ಪ್ರತಿ ಗೋಡೆಯ ಫೋಟೋ ತೆಗೆದಳು, ಕಿಟಕಿ ಚಿಲಕ ಎಳೆದು ನೋಡಿದಳು. ಕೊನೆಗೆ ಬಚ್ಚಲಿಗೆ ಹೋಗಿ, ಚೀಲದಿಂದ ಟೆಸ್ಟರ್ ತೆಗೆದು ನಲ್ಲಿಯ ಮೇಲೆ ಇಟ್ಟಳು. ಟೆಸ್ಟರಿನ ದೀಪ ಹತ್ತಿತು.

"ಅರ್ಥಿಂಗ್ ತಂತಿ ಎಲ್ಲೋ ಕಡಿದಿದೆ," ಎಂದಳು. "ಗೀಸರ್ ಹಾಕಿ ಒದ್ದೆ ಕೈಯಲ್ಲಿ ನಲ್ಲಿ ಮುಟ್ಟಿದವರಿಗೆ ಒಂದು ದಿನ ಅಪಾಯ ಆಗುತ್ತೆ."

ಕೋಮಲಾ ಅದನ್ನು ಕನ್ನಡಕ್ಕೆ ತಂದಳು. ಪಂಚಾಕ್ಷರಪ್ಪ ಬಾಯಿ ತೆರೆಯುವ ಮೊದಲೇ ಮೆಟ್ಟಿಲಿನ ತುದಿಯಿಂದ ಹೆಣ್ಣು ದನಿಯೊಂದು ಕೇಳಿತು. ಅವನ ಹೆಂಡತಿ ಪಂಪಮ್ಮ ಮೊಣಕಾಲು ಹಿಡಿದುಕೊಂಡು ಮೇಲೆ ಹತ್ತಿ ಬಂದಿದ್ದಳು. "ಎರಡು ವರ್ಷದಿಂದ ಹೇಳಾಕತ್ತೀನಿ, ಕೆಳಗೂ ಜುಂ ಅಂತೈತಿ ಅಂತ. ವೈರ್‌ಮನ್ ಎರ್ರೆಪ್ಪ ಬರ್ತಾನ, ನೋಡ್ತಾನ, ಏನಿಲ್ಲಬೇ ಅಂತಾನ, ಹೋಗ್ತಾನ. ನನ್ನ ಮಾತು ಯಾರು ಕೇಳ್ಯಾರ."

ಚೌಕಾಸಿಯ ಗಾಳಿ ಆಗ ತಿರುಗಿತು. ಅರ್ಥಿಂಗ್ ಸರಿಯಾಗುವವರೆಗೆ ಒಂದು ರೂಪಾಯಿಯೂ ಇಲ್ಲ ಎಂದಳು ಕೋಮಲಾ. ಬಾಡಿಗೆ ಎಂಟೂವರೆಗೆ ಬಂದು ನಿಂತಿತು, ಅಡ್ವಾನ್ಸ್ ಅರ್ಧಕ್ಕೆ ಇಳಿಯಿತು. ಬಿಡುವಾಗ ಯಾವುದಕ್ಕೆ ಎಷ್ಟು ಹಿಡಿಯಬಹುದು ಎಂಬುದು ಫೋಟೋ ಸಮೇತ ಕರಾರಿನಲ್ಲಿ ಬರಬೇಕು ಎಂದು ವಂಜಿರು ಕೇಳಿದಳು. ಹೇಳದೆ ಯಾರೂ ಒಳಗೆ ಬರಬಾರದು ಎಂದೂ ಕೇಳಿದಳು. ಪಂಚಾಕ್ಷರಪ್ಪ ಎರಡಕ್ಕೂ ಒಪ್ಪಿದ. ಅವನದೂ ಒಂದು ಷರತ್ತಿತ್ತು: ಮನೆಯಲ್ಲಿ ಮಾಂಸ ಬೇಯಿಸುವಂತಿಲ್ಲ.

ವಂಜಿರು ಸುಳ್ಳು ಹೇಳಲಿಲ್ಲ. "ನಾನು ತಿನ್ನುತ್ತೇನೆ. ಹೊರಗೆ ತಿಂದು ಬರುತ್ತೇನೆ. ಆದರೆ ಮೊಟ್ಟೆ ಇಲ್ಲದೆ ನನಗೆ ಬೆಳಗಾಗುವುದಿಲ್ಲ."

ಪಂಚಾಕ್ಷರಪ್ಪ ಹೆಂಡತಿಯ ಮುಖ ನೋಡಿದ. "ಮೊಟ್ಟಿ ಮಾಡ್ಕೊಳ್ಳಿ ಬಿಡ್ರಿ," ಎಂದಳು ಪಂಪಮ್ಮ. "ಸಿಪ್ಪಿ ಮಾತ್ರ ನಮ್ಮ ಬಾಗಲ ಮುಂದಿನ ಬುಟ್ಟಿಗೆ ಹಾಕಬ್ಯಾಡ್ರಿ. ದೂರ ಒಯ್ರಿ."

ಎಲ್ಲ ಮುಗಿಯಿತು ಎನ್ನುವಾಗ ಪಂಚಾಕ್ಷರಪ್ಪ ಕೋಮಲಾ ಕಡೆ ತಿರುಗಿದ. "ನೀವೂ ಇಲ್ಲೇ ಇರೋರಾ ಮೇಡಂ? ಯಾವ ಕಡಿಯವ್ರು ನೀವು?"

"ಅರಸೀಕೆರಿಯವ್ರು. ನಮ್ಮಪ್ಪ ಉಚ್ಚಂಗೆಪ್ಪ ಅಂತ, ಹೈಸ್ಕೂಲಿನಾಗ ಜವಾನ ಆಗಿ ರಿಟೈರ್ ಆಗ್ಯಾರ. ನಾವು ಬೌದ್ಧರು."

"ಹಂಗಂದ್ರ?"

"ಬುದ್ಧನ ಮತದವ್ರು. ಕಾಗದದಾಗ ಎಸ್ಸಿ."

ಅವಳು ಆ ಮಾತನ್ನು ಐದು ಮನೆಗಳಲ್ಲಿ ಐದು ರೀತಿಯಲ್ಲಿ ಹೇಳಿ ನೋಡಿದ್ದಳು. ಒಮ್ಮೆ ತಡವಾಗಿ, ಒಮ್ಮೆ ಮೊದಲೇ, ಒಮ್ಮೆ ಬೇರೆಯವರ ಬಾಯಲ್ಲಿ. ಈಗ ಊರಿನ ಹೆಸರು ಹೇಳಿದಷ್ಟೇ ಸಲೀಸಾಗಿ ಹೇಳಿದಳು. ಪಂಚಾಕ್ಷರಪ್ಪ ಗುಡ್ಡದ ಕಡೆ ನೋಡಿದ. "ಆತು. ನಾಳಿ ಹೇಳ್ತೀನಮ್ಮ," ಎಂದ. ಅವನ ಮಾತಿನಿಂದ 'ಮೇಡಂ' ಹೋಯಿತು, 'ರಿ' ಹೋಯಿತು. ಕೋಮಲಾ ಅದನ್ನು ಗುರುತಿಸಿಕೊಂಡೇ, "ಬರ್ತೀವ್ರಿ ಯಜಮಾನ್ರ," ಎಂದು ಇಳಿದಳು.

ಮರುದಿನ ಬೆಳಿಗ್ಗೆ ಬಸ್ಸು ಹರಪನಹಳ್ಳಿ ಬಿಡುತ್ತಿದ್ದಂತೆ ಫೋನು ಬಂತು. ಪಂಚಾಕ್ಷರಪ್ಪ ಒಂದೇ ಉಸಿರಿಗೆ ಹೇಳಿದ: ಆ ಪರದೇಶದ ಮೇಡಂ ಒಬ್ಬಳೇ ಇರುವುದಾದರೆ ಇವತ್ತೇ ಕೀಲಿ ಕೊಡುತ್ತೇನೆ.

ಆಫೀಸಿನಲ್ಲಿ ಪ್ರವೀಣಕುಮಾರ್ ಕೇಳಿಸಿಕೊಂಡು ಕೆನ್ನೆ ಕೆರೆದುಕೊಂಡ. ಅವನಿಗೆ ನಿಜವಾಗಿಯೂ ಕಸಿವಿಸಿಯಾಗಿತ್ತು. "ಒಂದು ಕೆಲಸ ಮಾಡೋಣು. ಸದ್ಯಕ್ಕ ಅವ್ರನ್ನ ಅಲ್ಲಿಡೋಣು. ನಿಮಗ ಬ್ಯಾರೆ ಕಡಿ ನಾನಾ ನೋಡ್ತೀನಿ."

"ಬ್ಯಾರೆ ಕಡಿ ನಾನು ಮೂರು ವರ್ಷ ನೋಡೀನ್ರಿ ಸರ್," ಎಂದಳು ಕೋಮಲಾ. "ಈ ಮನಿ ಬಗ್ಗೆ ನಾನಾ ಮಾತಾಡ್ತೀನಿ. ಸಂಜಿ ತನಕ ಟೈಮ್ ಕೊಡ್ರಿ."

ವಂಜಿರುವಿಗೆ ಹೇಳುವುದು ಹೆಚ್ಚು ಕಷ್ಟವಾಯಿತು. ಇಂಗ್ಲಿಷಿನಲ್ಲಿ ಹೇಳಿದರೆ ಅದು ಪಾಠದ ಹಾಗೆ ಕೇಳುತ್ತಿತ್ತು. ವಂಜಿರು ತನ್ನ ಹೆಲ್ಮೆಟ್ ಮೇಜಿನ ಮೇಲಿಟ್ಟು ಪೂರ್ತಿ ಕೇಳಿಸಿಕೊಂಡಳು.

"ನಾನು ನನ್ನ ಬಗ್ಗೆ ಎಲ್ಲ ಉತ್ತರ ತಯಾರು ಮಾಡಿಕೊಂಡು ಬಂದಿದ್ದೆ," ಎಂದಳು. "ನನ್ನ ಬಣ್ಣ, ನನ್ನ ಊಟ, ನನ್ನ ಪಾಸ್‌ಪೋರ್ಟು. ಒಂದು ದೇಶದಲ್ಲಿ ಫೋನಿನಲ್ಲಿ ಒಪ್ಪಿಕೊಂಡವನು ನನ್ನ ಮುಖ ನೋಡಿದ ಮೇಲೆ ಬಾಗಿಲೇ ತೆಗೆಯಲಿಲ್ಲ. ಇಲ್ಲಿ ನನ್ನನ್ನು ಒಪ್ಪಿಕೊಂಡು, ಇಪ್ಪತ್ತು ಮೈಲಿ ದೂರದ ನಿನ್ನನ್ನು ಬೇಡ ಅಂದರು. ನನಗೆ ಆ ಮನೆ ಬೇಡ."

"ನನ್ನ ಪರವಾಗಿ ನೀನು ಬಿಡಬೇಡ," ಎಂದಳು ಕೋಮಲಾ. "ನನಗೆ ಆ ಮನೆ ಬೇಕು."

ವಂಜಿರು ಹೆಲ್ಮೆಟ್ ಎತ್ತಿಕೊಂಡು, "ಜೊತೆಗೆ ಬರಲಾ?" ಎಂದಳು.

"ಬೇಡ. ನೀನು ಬಂದರೆ ಅವರು ನಿನ್ನ ಜೊತೆ ಮಾತಾಡುತ್ತಾರೆ."

ಯಾರ್ಡಿನಲ್ಲಿ ಅಷ್ಟು ಹೊತ್ತಿಗೆ ಹರಾಜು ಮುಗಿದಿತ್ತು. ಪಂಚಾಕ್ಷರಪ್ಪ ಚೀಲಗಳ ಸಾಲಿನ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದ. ಕೋಮಲಾಳನ್ನು ಕಂಡು ಎದ್ದು ನಿಲ್ಲಬೇಕೋ ಬೇಡವೋ ಎಂದು ಅರ್ಧ ಎದ್ದು, ಮತ್ತೆ ಕೂತ. ಅವಳು ಖಾಲಿ ಕುರ್ಚಿಯೊಂದನ್ನು ಎಳೆದುಕೊಂಡು ಎದುರಿಗೆ ಕೂತಳು.

"ಕರಾರು ಕಂಪನಿ ಹೆಸರಿಲೆ ಆಗ್ತೈತ್ರಿ ಯಜಮಾನ್ರ. ಕಂಪನಿ ಪರ ಸಹಿ ಹಾಕಾಕಿ ನಾನು. ನನ್ನ ಸಹಿ ನಿಮಗ ನಡಿತೈತಿ?"

"ಸಹಿ ಬ್ಯಾರೆ, ಇರೋದು ಬ್ಯಾರೆ ಅಮ್ಮ," ಎಂದ ಪಂಚಾಕ್ಷರಪ್ಪ. ದನಿಯಲ್ಲಿ ಒರಟುತನವಿರಲಿಲ್ಲ. "ನನಗೇನಿಲ್ಲ. ನನ್ನ ಅಂಗಡಿಗೆ ಎಲ್ಲಾ ಜಾತಿ ರೈತರೂ ಬರ್ತಾರ. ನಾನೂ ಕುಂದ್ರಿಸ್ತೀನಿ, ಚಾ ಕೊಡಿಸ್ತೀನಿ. ಆದ್ರ ಮಂದಿ ಬಿಡಬೇಕಲ್ಲ."

"ಮಂದಿ ಅಂದ್ರ ಯಾರ್ರಿ?"

"ಮಂದಿ ಅಂದ್ರ... ಓಣಿ ಮಂದಿ."

"ಹೆಸರು ಹೇಳ್ರಿ. ನಾ ಹೋಗಿ ಕೇಳಿ ಬರ್ತೀನಿ."

ಪಂಚಾಕ್ಷರಪ್ಪ ಅವಳು ತಮಾಷೆ ಮಾಡುತ್ತಿದ್ದಾಳೆಯೇ ಎಂದು ನೋಡಿದ. ಅವಳು ಚೀಲದಿಂದ ಪೆನ್ನು, ಒಂದು ಚೀಟಿ ತೆಗೆದಿದ್ದಳು. ನಲವತ್ತು ವರ್ಷ ದಲಾಲಿ ಮಾಡಿದವನು, ಬಾಯಿಂದ ಬಂದ ಮಾತಿಗೆ ಬೆಲೆ ಕಟ್ಟಬೇಕೆಂದು ಬಲ್ಲವನು. ಹೆಸರಿಲ್ಲ ಎಂದರೆ ತನ್ನ ಮಾತೇ ಸುಳ್ಳಾಗುತ್ತಿತ್ತು.

"ಎದುರುಮನಿ ನಾಗಲಿಂಗಮ್ಮ," ಎಂದ. "ಮಗ್ಗಲಮನಿ ಪುಷ್ಪಲತಾ ಟೀಚರ್." ಸ್ವಲ್ಪ ತಡೆದು, "ನಮ್ಮ ಮನಿಯಾಕಿ," ಎಂದ.

"ಮೂರು ಜನ ಆದ್ರು. ಮೂರೂ ಜನ ಹೂಂ ಅಂದ್ರ?"

"ಅಂದ್ರ ನೋಡೋಣು."

"ನೋಡೋಣು ಅಲ್ರಿ."

ಆತ ಮೆಕ್ಕೆಜೋಳದ ಚೀಲವೊಂದರ ಮೇಲೆ ಕೈಯಿಟ್ಟು ಕೂತಿದ್ದ. "ಅಂದ್ರ ಕೊಡ್ತೀನಿ," ಎಂದ.

ನಾಗಲಿಂಗಮ್ಮ ಅಂಗಳದಲ್ಲಿ ಮೊರ ಹಿಡಿದು ತೊಗರಿಬೇಳೆ ಹಸನು ಮಾಡುತ್ತಿದ್ದಳು. ಕೋಮಲಾ ನಿಂತಲ್ಲೇ ತನ್ನ ಹೆಸರು, ಊರು, ಜಾತಿ, ಕೆಲಸ ನಾಲ್ಕನ್ನೂ ಹೇಳಿ, ಎದುರಿನ ಮೇಲ್ಮನೆಗೆ ಬರುತ್ತಿದ್ದೇನೆ, ನಿಮ್ಮದೇನಾದರೂ ಅಡ್ಡಿ ಇದೆಯೇ ಎಂದು ಕೇಳಿದಳು.

"ಅವ್ನ ಮನಿ, ನನ್ನ ಯಾಕ ಕೇಳ್ತಿ?"

"ನೀವು ಒಪ್ಪಂಗಿಲ್ಲ ಅಂತ ಹೇಳಿದ್ರು."

ನಾಗಲಿಂಗಮ್ಮ ಮೊರ ಕೆಳಗಿಟ್ಟಳು. "ನನ್ನ ಹೆಸರು ಹೇಳಿದ್ನಾ? ಹ್ವಾದ ವರ್ಷ ಮಾಳಿಗಿ ಗೋಡಿ ಏರಿಸುವಾಗ ನನ್ನ ಹೆಸರು ನೆನಪಾಗಲಿಲ್ಲ ಅವ್ನಿಗೆ. ನನ್ನ ಅಂಗಳದ ಬಿಸಿಲು ಮುಚ್ಚಿ ಕುಂತಾನ. ಹಪ್ಪಳ ಒಣಗಂಗಿಲ್ಲ ನನಗ. ನೀ ಬಾ, ಬಿಡು, ನನಗೇನು. ನನ್ನ ಬಾಗಲ ಮುಂದ ಗಾಡಿ ನಿಲ್ಲಿಸಬ್ಯಾಡ, ಅಷ್ಟಾ."

ಅದು ಪ್ರೀತಿಯ ಮಾತಾಗಿರಲಿಲ್ಲ. ಆದರೂ ಹೂಂ ಎಂಬ ಮಾತೇ. ಕೋಮಲಾ ಹೆಸರಿನ ಮುಂದೆ ಗುರುತು ಹಾಕಿಕೊಂಡಳು.

ಪುಷ್ಪಲತಾ ಟೀಚರ್ ಊಟಕ್ಕೆ ಮನೆಗೆ ಬಂದಿದ್ದರು. ಬಾಗಿಲಲ್ಲೇ ನಿಂತು ಕೇಳಿಸಿಕೊಂಡರು. ಬೇಗನೆ, ಬಹಳ ಬೇಗನೆ, "ಅಯ್ಯೋ ನನಗೇನೂ ಇಲ್ಲಪ್ಪ. ಕಾಲ ಬದಲಾಗಿದೆ. ನಾವು ಮಕ್ಕಳಿಗೆ ಪಾಠ ಮಾಡೋದೇ ಅದನ್ನ," ಎಂದರು. ಕಣ್ಣು ಮಾತ್ರ ಓಣಿಯ ಆ ತುದಿಯಿಂದ ಈ ತುದಿಗೆ ಓಡಾಡುತ್ತಿತ್ತು. "ಆದ್ರೆ ನನ್ನ ಹೆಸರು ಎಲ್ಲೂ ತರಬೇಡಿ."

"ನಿಮ್ಮ ಹೆಸರು ತಂದೋರು ಅವ್ರು, ಟೀಚರ್. ನೀವು ಬ್ಯಾಡ ಅಂತೀರಿ ಅಂದಾರ. ಹೂಂ ಅಂದ್ರಿ ಅಂತ ಹೇಳ್ಲಾ?"

ಟೀಚರ್ ಬಹಳ ಹೊತ್ತು ಬಾಗಿಲ ಚಿಲಕವನ್ನು ಹಿಂದೆ ಮುಂದೆ ಸರಿಸಿದರು. "ಬೇಡ ಅಂದಿಲ್ಲ ಅಂತ ಹೇಳಿ," ಎಂದರು ಕೊನೆಗೆ.

ಅಲ್ಲಿ ಕೋಮಲಾಳ ಮನಸ್ಸು ಒಂದು ಕ್ಷಣ ಕುಗ್ಗಿತು. ಮೊರ ಹಿಡಿದ ನಾಗಲಿಂಗಮ್ಮನ ಸಿಡಿಮಿಡಿಗಿಂತ ಈ ನಯದ ಮಾತು ಭಾರವಾಗಿತ್ತು. ಆದರೆ ಅವಳು ಬಂದದ್ದು ಓಣಿಯ ಮನಸ್ಸು ತಿದ್ದುವುದಕ್ಕಲ್ಲ, ಮನೆ ಹಿಡಿಯುವುದಕ್ಕೆ. ಬೇಡ ಅಂದಿಲ್ಲ ಎಂದು ಬರೆದುಕೊಂಡು ಮುಂದೆ ನಡೆದಳು.

ಪಂಪಮ್ಮ ಪಡಸಾಲೆಯ ಮೆಟ್ಟಿಲ ಮೇಲೆ ಕೂತು ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು. ಗಂಡ ತನ್ನ ಹೆಸರನ್ನೂ ಹೇಳಿದ್ದಾನೆಂದು ಕೇಳಿ ಕೈ ನಿಲ್ಲಿಸಿದಳು. "ನನ್ನ ಕೇಳ್ಯಾರನು ಅವ್ರು? ಆ ಮನುಷ್ಯ ನನ್ನ ಏನ್ ಕೇಳಿ ಮಾಡ್ಯಾರ."

"ಈಗ ನಾನು ಕೇಳಾಕತ್ತೀನ್ರಿ ಅಮ್ಮ."

ಪಂಪಮ್ಮ ಅವಳನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. "ನಾ ಸುಳ್ಳು ಹೇಳಂಗಿಲ್ಲವ್ವ. ನಮ್ಮತ್ತಿ ಇದ್ದಿದ್ರ ಈ ಮಾತಾ ಬರ್ತಿರಲಿಲ್ಲ. ನನಗೂ ನಿನ್ನಿ ನೀ ಹೇಳಿದಾಗ ಒಂದೀಟು ಕಸಿವಿಸಿ ಆತು. ಸಂಪು ಒಂದಾ ಐತಿ ನೋಡು, ಕೆಳಗೂ ಮ್ಯಾಲೂ."

ಕೋಮಲಾ ಅಂಗಳದ ಮೂಲೆಯ ಸಂಪಿನ ಕಬ್ಬಿಣದ ಮುಚ್ಚಳವನ್ನು ನೋಡಿದಳು. "ಒಂದಾ ಐತ್ರಿ," ಎಂದಳು. "ನೀವು ಕುಡಿಯೋದೂ ಅದಾ ನೀರು, ನಾ ಕುಡಿಯೋದೂ ಅದಾ. ಅದನ್ನ ಎರಡು ಮಾಡಾಕ ನನಗೂ ಬರಂಗಿಲ್ಲ, ನಿಮಗೂ ಬರಂಗಿಲ್ಲ. ಇಷ್ಟು ಗೊತ್ತಿದ್ದಾ ಕೇಳಾಕ ಬಂದೀನಿ."

ಓಣಿಯಲ್ಲಿ ಸೊಪ್ಪಿನವಳು ಕೂಗುತ್ತಾ ಹೋದಳು. ಪಂಪಮ್ಮ ಎಣ್ಣೆಯ ಬಟ್ಟಲನ್ನು ಮುಚ್ಚಿದಳು, ಮತ್ತೆ ತೆರೆದಳು, ಮತ್ತೆ ಮುಚ್ಚಿದಳು. ಕೋಮಲಾ ಕಾದಳು.

"ಬೆಳಿಗ್ಗೆ ಐದಕ್ಕ ಮೋಟಾರ್ ಹಾಕಬೇಕು," ಎಂದಳು ಪಂಪಮ್ಮ. "ಮುಚ್ಚಳ ತಗದು ನೀರು ಎಷ್ಟೈತಿ ನೋಡಿ ಹಾಕಬೇಕು. ಇಲ್ಲಂದ್ರ ಮೋಟಾರ್ ಸುಡ್ತೈತಿ. ನನಗ ಈ ಮೊಣಕಾಲಿಗೆ ಬಗ್ಗಾಕಾಗಂಗಿಲ್ಲ. ನೀವು ಹಾಕ್ತೀರೇನು, ದಿನಾ?"

"ಮುಚ್ಚಳ ನಾ ತಗೀಬೇಕಾಗ್ತೈತ್ರಿ ಅಮ್ಮ."

"ಅದಾ ಹೇಳಾಕತ್ತೀನಿ. ತಗೀರಿ."

ಅವಳ ಮಾತಿನಲ್ಲಿ 'ರಿ' ಇತ್ತು. ಕೋಮಲಾ ಆಗಲಿ ಎಂದಳು. ಹೊರಗೆ ಬಂದು ಮೂರನೆಯ ಹೆಸರಿನ ಮುಂದೆಯೂ ಗುರುತು ಹಾಕಿಕೊಂಡು ಯಾರ್ಡಿಗೆ ನಡೆದಳು.

ಪಂಚಾಕ್ಷರಪ್ಪ ಚೀಟಿಯನ್ನು ಕನ್ನಡಕ ಹಾಕಿಕೊಂಡು ಓದಿದ. ಮೂರನೆಯ ಹೆಸರಿಗೆ ಬಂದು, "ಏನಂದ್ಲು?" ಎಂದ.

"ಮೋಟಾರ್ ದಿನಾ ನಾವು ಹಾಕಬೇಕಂತ್ರಿ."

ಆತ ಚೀಟಿಯನ್ನು ಮೇಲಿನಿಂದ ಇನ್ನೊಮ್ಮೆ ಓದಿದ. ಆಮೇಲೆ ದಲಾಲಿಯ ಬುದ್ಧಿ ಕೊನೆಯ ಸಲ ತಲೆಯೆತ್ತಿತು. "ಆತಮ್ಮ. ಬಾಡಿಗಿ ಒಂಬತ್ತು ಮಾಡು ಹಂಗಾರ."

"ನಿನ್ನಿ ಆದ ಮಾತು ಎಂಟೂವರಿ ಇತ್ರಿ," ಎಂದಳು ಕೋಮಲಾ. "ನಾ ಎಸ್ಸಿ ಅಂತ ಗೊತ್ತಾದ ಮ್ಯಾಲೆ ಐನೂರು ಏರಿದ್ರ, ಆ ಐನೂರಿಗೆ ರಸೀದಿಯಾಗ ಏನಂತ ಬರಿತೀರಿ?"

ಪಂಚಾಕ್ಷರಪ್ಪ ಕನ್ನಡಕ ತೆಗೆದ. ಚೀಟಿಯನ್ನು ನಾಲ್ಕಾಗಿ ಮಡಚಿ ಅವಳಿಗೆ ವಾಪಸ್ ಕೊಟ್ಟ. "ಎಂಟೂವರಿನಾ ಇರ್ಲಿ ಬಿಡ್ರಿ," ಎಂದ. ಹಾಗೆ ಹೇಳುವಾಗ ಮುಖ ನೋಡಲಿಲ್ಲ. ನೋಡಲಿ ಎಂದು ಕೋಮಲಾ ಬಯಸಲೂ ಇಲ್ಲ.

ಕರಾರನ್ನು ತಾಲ್ಲೂಕು ಕಚೇರಿಯ ಎದುರಿನ ಟೈಪಿಸ್ಟನ ಹತ್ತಿರ ಬರೆಸಿದರು. ವಾಸ ಮಾಡುವವರು ಎಂಬ ಕಡೆ ವಂಜಿರುವಿನ ಉದ್ದದ ಹೆಸರು, ಅದರ ಕೆಳಗೆ ಕೋಮಲಾ ಕೋಂ ಉಚ್ಚಂಗೆಪ್ಪ ಎಂದು ಟೈಪಿಸ್ಟ್ ಹೊಡೆದ. ಕೋಂ ಅಂದರೆ ಗಂಡನ ಹೆಸರಾಗುತ್ತದೆ ಮಾರಾಯ, ಬಿನ್ ಅಂದರೆ ಮಗ ಎಂದಾಗುತ್ತದೆ, ತಂದೆ ಅಂತ ಬಿಡಿಸಿ ಬರಿ ಎಂದು ಅವಳೇ ತಿದ್ದಿಸಿದಳು. ವಂಜಿರುವಿನ ಇಪ್ಪತ್ತಾರು ಫೋಟೋಗಳನ್ನು ಮುದ್ರಿಸಿ ಕರಾರಿಗೆ ಲಗತ್ತಿಸಿದರು. ಎರ್ರೆಪ್ಪ ಬಂದು, ವಂಜಿರು ಪಕ್ಕದಲ್ಲೇ ನಿಂತು ನೋಡುವಾಗ, ಅರ್ಥಿಂಗ್ ತಂತಿ ಹೊಸದು ಎಳೆದ. ಎರಡು ವರ್ಷದಲ್ಲಿ ಕಾಣದ ತೊಡಕು ಅವನಿಗೆ ಇಪ್ಪತ್ತು ನಿಮಿಷದಲ್ಲಿ ಕಂಡಿತು.

ಪರದೇಶದವರು ಬಂದು ಇಳಿದರೆ ಮನೆ ಮಾಲೀಕರು ಇಪ್ಪತ್ನಾಲ್ಕು ತಾಸಿನೊಳಗೆ ಸರ್ಕಾರಕ್ಕೆ ಆನ್‌ಲೈನ್‌ನಲ್ಲಿ ತಿಳಿಸಬೇಕು. ಅದಕ್ಕೆ ಸಿ ಫಾರ್ಮ್ ಎನ್ನುತ್ತಾರೆ. ಅದು ಪೊಲೀಸರಿಗೆ ಹೋಗುತ್ತದೆಂದು ಪಂಚಾಕ್ಷರಪ್ಪ ಹೆದರಿದ್ದ. ಪೊಲೀಸು ಎಂದರೆ ಅವನಿಗೆ ತಕ್ಕಡಿ ತಪಾಸಣೆಗಿಂತ ಭಯ. ಕೋಮಲಾ ಮೆಟ್ಟಿಲ ಮೇಲೆ ಅವನ ಪಕ್ಕ ಕೂತು ಫಾರ್ಮ್ ತುಂಬಿಸಿದಳು. ಒಟಿಪಿ ಮೂರು ಸಲ ಅವನ ಎರಡನೆಯ ಫೋನಿಗೆ ಹೋಗಿ, ಆ ಫೋನು ಅಂಗಡಿಯಲ್ಲಿ ಉಳಿದು, ಕೊನೆಗೂ ಸಂಜೆಯ ಹೊತ್ತಿಗೆ ಮುಗಿಯಿತು.

ಹಾಗೆ ಇಬ್ಬರೂ ಮೇಲ್ಮನೆಗೆ ಬಂದರು. ಬೆಳಿಗ್ಗೆ ಐದಕ್ಕೆ ಕೋಮಲಾ ಇಳಿದು, ಸಂಪಿನ ಮುಚ್ಚಳ ತೆಗೆದು, ನೀರು ನೋಡಿ ಮೋಟಾರ್ ಹಾಕುತ್ತಿದ್ದಳು. ಮೊದಲ ವಾರ ಪಂಪಮ್ಮ ಕಿಟಕಿಯಿಂದ ನೋಡುತ್ತಿದ್ದಳು. ಎರಡನೆಯ ವಾರ ಏಳುವುದನ್ನೇ ಬಿಟ್ಟಳು. ವಂಜಿರು ಮೆಕ್ಕೆಜೋಳದ ಹಿಟ್ಟು ಬೇಕೆಂದಾಗ ಗಿರಣಿಯವನು ಕೋಳಿಗಾ ಎಂದು ಕೇಳಿದ. ಅವಳು ಅದನ್ನು ಕುದಿಯುವ ನೀರಿಗೆ ಹಾಕಿ ತಿರುವಿ ಗಟ್ಟಿ ಮುದ್ದೆ ಮಾಡಿದಳು. ಪಂಚಾಕ್ಷರಪ್ಪ ಜೀವಮಾನವೆಲ್ಲ ಮೆಕ್ಕೆಜೋಳ ಮಾರಿದವನು, ಮನುಷ್ಯರು ಅದರ ಮುದ್ದೆ ಉಣ್ಣುತ್ತಾರೆಂದು ನಂಬಲಿಲ್ಲ. ಮೇಲೆ ಬಂದು ನೋಡಿದ, ಉಣ್ಣಲಿಲ್ಲ. ಪಂಪಮ್ಮ ಒಂದು ತುತ್ತು ಮುರಿದು ಬಾಯಿಗಿಟ್ಟು, "ಉಪ್ಪು ಹಾಕಿಲ್ಲ ವಂಜೀರಮ್ಮ," ಎಂದಳು. ಕೆಳಗಿನ ಮನೆಯವರು ಕೋಮಲಾಳನ್ನು ಒಳಗೆ ಕರೆದದ್ದು ಆರನೆಯ ತಿಂಗಳಲ್ಲಿ, ಅದೂ ಪಡಸಾಲೆಯವರೆಗೆ. ಪುಷ್ಪಲತಾ ಟೀಚರ್ ಎದುರು ಬಂದರೆ ಈಗಲೂ ಫೋನು ನೋಡುತ್ತಾ ಹೋಗುತ್ತಿದ್ದರು. ಅದನ್ನೆಲ್ಲ ಕೋಮಲಾ ಗಮನಿಸುತ್ತಿದ್ದಳು. ಆದರೆ ಎರಡು ಬಸ್ಸಿನ ಓಡಾಟ ತಪ್ಪಿ ಉಳಿದ ಹೊತ್ತಿನಲ್ಲಿ ಅವಳಿಗೆ ಬೇರೆ ಕೆಲಸವಿತ್ತು.

ಹನ್ನೊಂದು ತಿಂಗಳು ತುಂಬಿತು. ವಂಜಿರು ಹೊರಡುವ ದಿನ ಇಪ್ಪತ್ತಾರು ಫೋಟೋ ಹಿಡಿದು ಪಂಚಾಕ್ಷರಪ್ಪನ ಜೊತೆ ಗೋಡೆ ಗೋಡೆ ಸುತ್ತಿದಳು. ಒಂದು ಮೊಳೆಯ ತೂತು ಹೆಚ್ಚಾಗಿತ್ತು. ಅದಕ್ಕೆ ಹಣ ಹಿಡಿಯಲಿಲ್ಲ. ಗಾಡಿ ಹತ್ತುವ ಮೊದಲು ಅವಳು ಕೋಮಲಾಳನ್ನು ತಬ್ಬಿಕೊಂಡು, "ಅಡ್ವಾನ್ಸು ಪೂರ್ತಿ ವಾಪಸ್ ಬಂದ ಮೊದಲ ಮನೆ," ಎಂದಳು.

ಕಂಪನಿಯ ಕರಾರು ಮುಗಿದಿತ್ತು. ಆ ವಾರವೇ ಕೋಮಲಾ ಕೆಳಗಿಳಿದು ಪಂಚಾಕ್ಷರಪ್ಪನ ಎದುರು ಕೂತು, ಇನ್ನು ಮುಂದೆ ನನ್ನ ಹೆಸರಿಗೆ ಬೇಕು ಎಂದಳು. ಆತ ಹತ್ತು ಸಾವಿರ ಎಂದ. ಅವಳು ಎಂಟು ಎಂದಳು. ಒಂದು ಚಹಾ ತಣ್ಣಗಾಗುವವರೆಗೆ ಜಗ್ಗಾಡಿ ಎಂಟೂ ಮುಕ್ಕಾಲಿಗೆ ನಿಂತರು. ಆತ ಜಾತಿಯ ಮಾತು ತೆಗೆಯಲಿಲ್ಲ. ಮಾಳಿಗೆಯ ಮೇಲೆ ಕೋಮಲಾ ಒಣಹಾಕುವ ಮೆಣಸಿನಕಾಯಿಯ ಘಾಟಿನ ಬಗ್ಗೆ ಮಾತ್ರ ತಕರಾರು ಹೇಳಿದ.

ಸಹಿಯಾದ ಮೇಲೆ ಅವಳು ಅರಸೀಕೆರೆಗೆ ಫೋನು ಮಾಡಿದಳು. ಇಷ್ಟು ದಿನ ಪಕ್ಕೀರಮ್ಮ ಮಗಳ ಮನೆಗೆ ಬಂದಿರಲಿಲ್ಲ. ಕಂಪನಿ ಮನೆ, ಪರದೇಶದಾಕಿ ಇರುವ ಮನೆ, ನಾನ್ಯಾಕೆ ಎನ್ನುತ್ತಿದ್ದಳು.

"ನಾಳಿ ಬಾರವ್ವ. ಈಗ ನಂದಾ ಮನಿ."

"ಓಣ್ಯಾಗ ಯಾರರ ಕೇಳಿದ್ರ ಏನಂತ ಹೇಳ್ಲಿ? ಯಾರ ಮನಿಗೆ, ಯಾವ ಕಡಿಯಾಕಿ ಅಂತ ಕೇಳ್ತಾರ."

"ಕೋಮಲಾನ ತಾಯಿ, ಅರಸೀಕೆರಿ ಪಕ್ಕೀರಮ್ಮ ಅನ್ನು. ಇನ್ನೂ ಕೇಳಿದ್ರ ಇನ್ನೂ ಹೇಳು."

ಪಕ್ಕೀರಮ್ಮ 'ಹೂಂ' ಎಂದಳು. ಮರುದಿನ ಹನ್ನೊಂದರ ಬಸ್ಸಿಗೆ ಬಂದಳು. ಒಂದು ಕೈಯಲ್ಲಿ ಜೋಳದ ಹಿಟ್ಟಿನ ಡಬ್ಬಿ, ಇನ್ನೊಂದು ಕೈಯಲ್ಲಿ ಓಣಿ ಹೊಕ್ಕಾಗ ಹಳೆಯ ರೂಢಿಯಿಂದ ಕಳಚಿದ ಹೊಸ ಚಪ್ಪಲಿ. ಮೆಟ್ಟಿಲು ಹತ್ತುವಾಗ ಎಷ್ಟು ಮೆಟ್ಟಿಲು ಮಾಡಿಸ್ಯಾರಲೇ ಇವ್ರು ಎಂದು ಕೆಳಗಿನ ಮನೆಯವರಿಗೂ ಕೇಳುವಂತೆ ಬೈದುಕೊಳ್ಳುತ್ತಾ ಹತ್ತಿದಳು.